ಮಾಡಿನ ಮೇಲೊಂದು ಮಾಡು

ಕೆಟ್ಟ ಕಾದಂಬರಿಯನ್ನು ವಾಚಕನು ಅರ್ಧಕ್ಕೇ ಮುಚ್ಚಿಡಬಹುದು. ಕೆಟ್ಟ ಮನೆಯಲ್ಲಿ ಮಾತ್ರ ಬಾಳಲೇಬೇಕು. ಆದರೂ ಕಾದಂಬರಿಗಿರುವ ವಿಮರ್ಶೆ ನಮ್ಮಲ್ಲಿ ಕಟ್ಟಡಕ್ಕಿಲ್ಲ.

ಪುತ್ತೂರಿನಿಂದ ಸುಳ್ಯದ ಕಡೆಗೋ ಕಡಬದ ಕಡೆಗೋ ಹೊರಟವರಿಗೆ ದಾರಿಯುದ್ದಕ್ಕೂ ಒಂದು ನೋಟ ಕಾಣಸಿಗುತ್ತದೆ. ಹೊಸ ಮನೆಗೆ ಸಮತಟ್ಟಾದ ಕಾಂಕ್ರೀಟು ತಾರಸಿ. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಹೊದಿಸಿದ ತಗಡಿನ ಶೀಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಲ್ಲಿ ನೀರು ನಿಲ್ಲುವ ಮಾಡನ್ನು ಕಟ್ಟಿದುದರ ಫಲವಿದು. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಶೀಟಿನಡಿ ಬಟ್ಟೆ ಆರುತ್ತದೆ, ಅಡಿಕೆ ಒಣಗುತ್ತದೆ, ನಿಜ. ಆ ಜಾಣತನ ಮನೆಯವರದು, ನಕ್ಷೆ ಬರೆದವರದಲ್ಲ.

ಹಿಂದಿನವರು ನೆಲದಿಂದಲೇ ಕಡಿದ ಮುರಕಲ್ಲಿನ ಗೋಡೆಗೆ ಇಳಿಜಾರು ಮಾಡನ್ನು ಹೊದಿಸಿ, ಗೋಡೆ ನೆನೆಯದಂತೆ ಸೂರನ್ನು ಮುಂದಕ್ಕೆ ಚಾಚುತ್ತಿದ್ದರು. ಮೊದಲು ಮುಳಿಹುಲ್ಲು, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹಂಚು.

ಇಷ್ಟರಿಂದ ಹಳೆಯದೆಲ್ಲ ಹೊನ್ನೆಂದು ಹೊಗಳುವುದು ಸಲ್ಲದು. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದರೆ ಇದು ತಿಳಿಯುತ್ತದೆ. 1943ರ 'ಬೆಟ್ಟದ ಜೀವ'ದಲ್ಲಿ ಕಾಡಿನ ನಡುವಣ ಗೋಪಾಲಯ್ಯನ ಮನೆ ದಾರಿ ತಪ್ಪಿ ಬಂದ ಅಪರಿಚಿತನನ್ನು ಒಳಗೆ ಕರೆದು ಉಪಚರಿಸುತ್ತದೆ. 1933ರ 'ಚೋಮನ ದುಡಿ'ಯ ಚೋಮನಿಗೋ ಧಣಿಯ ಮನೆಯ ಅಂಗಳವೇ ಗಡಿ. ಅಂಗಳದಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ ಏರುವ ಮೆಟ್ಟಿಲುಗಳು ಮಳೆನೀರನ್ನು ತಡೆದಂತೆಯೇ ಮನುಷ್ಯರನ್ನೂ ತಡೆದವು. ಹಳೆಯ ಮನೆ ಮಳೆಯನ್ನು ಅರಿತಿತ್ತು. ಎಲ್ಲ ಮನುಷ್ಯರನ್ನೂ ಅರಿತಿರಲಿಲ್ಲ.

ಹೊಸ ಮನೆಯಾದರೂ ಈ ಕೊರತೆಯನ್ನು ತುಂಬಬೇಕಿತ್ತು. ಮರಕ್ಕೆ ಬೆಲೆ ಏರಿದೆ, ಹಂಚನ್ನು ಮಂಗಗಳು ಒಡೆಯುತ್ತವೆ, ಮಾಡು ತೆಗೆದು ಹೊದಿಸಲು ಆಳುಗಳು ದೊರೆಯುವುದಿಲ್ಲ ಎಂಬ ಮಾತುಗಳಲ್ಲಿ ಹುರುಳಿದೆ. ಹಾಗಾದರೆ ಉತ್ತರ ಹುಡುಕಬೇಕಾದವರು ಯಾರು? 1972ರ ಕಾಯಿದೆ 'ಆರ್ಕಿಟೆಕ್ಟ್' ಎಂಬ ಹೆಸರಿಗೆ ರಕ್ಷಣೆ ಕೊಟ್ಟಿತು. ಆ ಹೆಸರಿನವರು ಹಳ್ಳಿಯ ಸಣ್ಣ ಮನೆಯ ಬಾಗಿಲಿಗೆ ಬರುವುದು ಅಪರೂಪ. ಅಲ್ಲಿ ನಕ್ಷೆಯೂ ಮೇಸ್ತ್ರಿಯದು, ಲೆಕ್ಕವೂ ಮೇಸ್ತ್ರಿಯದು. ಪಕ್ಕದ ಕೇರಳದಲ್ಲಿ ಲಾರಿ ಬೇಕರ್ (1917-2007) ಬೇರೆ ದಾರಿ ಹಿಡಿದರು. ಕಾಂಕ್ರೀಟಿನ ನಡುವೆ ಹಳೆಯ ಹಂಚುಗಳನ್ನಿಟ್ಟು ಸಿಮೆಂಟನ್ನೂ ಕಬ್ಬಿಣವನ್ನೂ ಉಳಿಸಿದರು. ಇಟ್ಟಿಗೆಗಳ ನಡುವೆ ಟೊಳ್ಳು ಬಿಟ್ಟು ಗೋಡೆಯ ಖರ್ಚನ್ನು ಇಳಿಸಿದರು. ಬಡವನ ಮನೆಯೂ ವಿದ್ಯೆಗೆ ಯೋಗ್ಯವಾದ ವಿಷಯವೆಂದು ಅವರು ತೋರಿಸಿದರು.

ಇದು ಬರಿಯ ಅಂದಚಂದದ ಚರ್ಚೆಯಲ್ಲ. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಮನೆಯ ಮೇಲೆ ಬಿದ್ದು ಇಬ್ಬರು ಎಳೆಯ ಮಕ್ಕಳು ತೀರಿಕೊಂಡರು. ಇಂಥ ನೆಲದಲ್ಲಿ ಜೆಸಿಬಿಯಿಂದ ಗುಡ್ಡವನ್ನು ಗೋಡೆಯಂತೆ ನೇರವಾಗಿ ಕಡಿದು, ಅದರ ಬುಡದಲ್ಲಿ ಮನೆಗೆ ಜಾಗ ಮಾಡುವುದು ಈಗ ಸಾಮಾನ್ಯವಾಗಿದೆ. ನೀರು ಎತ್ತ ಹರಿಯುತ್ತದೆ, ಮಣ್ಣು ಎಷ್ಟು ಹೊರುತ್ತದೆ ಎಂದು ಹೇಳುವ ಒಬ್ಬ ತಿಳಿದವನು ತಾಲೂಕು ಕಚೇರಿಯಲ್ಲೋ ಪಂಚಾಯತಿಯಲ್ಲೋ ಬಡವನಿಗೂ ದೊರೆಯಬೇಡವೆ? ವೈದ್ಯನು ಊರಿನ ಆಸ್ಪತ್ರೆಯಲ್ಲಿರಬೇಕೆಂದು ಕೇಳುವ ನಾವು ಇದನ್ನೂ ಕೇಳಬೇಕು.