ಮೂವತ್ತೆಂಟರಲ್ಲಿ ಒಬ್ಬ

ಸರಕಾರಿ ವರದಿಗಳನ್ನು ಓದುವುದು ನಮ್ಮಂಥ ಗುಮಾಸ್ತರ ಹೊಟ್ಟೆಪಾಡು. ಆದರೆ ಓದಿದ ಮೇಲೆ ನಿದ್ದೆ ಕೆಡಿಸುವ ವರದಿಗಳು ಬಲು ಅಪರೂಪ. ನಮ್ಮ ದೇಶದ ಕುಡಿತ ಮತ್ತು ಮಾದಕ ವಸ್ತುಗಳ ಬಳಕೆಯನ್ನು ಕುರಿತು 2019ರ ಫೆಬ್ರವರಿಯಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ವರದಿ ಅಂಥದೊಂದು. ದಿಲ್ಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದವರು ಎರಡು ಲಕ್ಷಕ್ಕೂ ಮಿಕ್ಕಿದ ಮನೆಗಳ ಬಾಗಿಲು ತಟ್ಟಿ, 4,73,569 ಜನರನ್ನು ಮಾತಾಡಿಸಿ ಸಿದ್ಧಪಡಿಸಿದ್ದು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆಂದೂ, ಅವರಲ್ಲಿ 5.7 ಕೋಟಿ ಜನಕ್ಕೆ ಒಂದಿಲ್ಲೊಂದು ಬಗೆಯ ನೆರವು ಬೇಕೆಂದೂ ಅದು ಹೇಳುತ್ತದೆ. ಈ ಕೋಟಿಗಳ ಲೆಕ್ಕ ನಮಗೆ ಅಷ್ಟಾಗಿ ನಾಟಲಿಲ್ಲ. ನಾಟಿದ್ದು ಇನ್ನೊಂದು ಸಣ್ಣ ಸಂಖ್ಯೆ. ಕುಡಿತಕ್ಕೆ ಪೂರ್ತಿ ಅಂಟಿಕೊಂಡುಬಿಟ್ಟ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ದೊರಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ.

ಇದಕ್ಕೂ ಮುಂಚೆ 2016ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಹೊರತಂದಿತ್ತು. ಅದರ ಪ್ರಕಾರ ಮದ್ಯದ ತೊಂದರೆಯುಳ್ಳ ನೂರು ಜನರಲ್ಲಿ 86 ಜನ ಚಿಕಿತ್ಸೆಯಿಂದ ದೂರ. ಮೂವತ್ತೆಂಟರಲ್ಲಿ ಒಬ್ಬನೆಂದರೆ ದೂರ ಉಳಿದವರು ನೂರಕ್ಕೆ 97 ಜನವಾಯಿತು. ಯಾವುದು ನಿಜ? ಎರಡೂ ನಿಜವಿರಬಹುದು. ಯಾರನ್ನು ರೋಗಿ ಎಂದು ಎಣಿಸಿದರು, ಯಾವುದನ್ನು ಚಿಕಿತ್ಸೆ ಎಂದು ಕರೆದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಪತ್ರಿಕೆಗಳು ಈ ಎರಡು ಅಂಕಿಗಳನ್ನು ಒಂದೇ ಎಂಬಂತೆ ಬಳಸುವುದು ಮಾತ್ರ ಸರಿಯಲ್ಲ. ಇನ್ನೊಂದು ಸಂಗತಿ. ನಿಮ್ಹಾನ್ಸಿನವರ ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಆ ಪಟ್ಟಿಯಲ್ಲಿ ಮಹಾರಾಷ್ಟ್ರವೂ ಇಲ್ಲ, ಕರ್ನಾಟಕವೂ ಇಲ್ಲ! ಹುಟ್ಟಿದ ನಾಡು, ಅನ್ನ ಕೊಟ್ಟ ನಾಡು ಎರಡೂ ಬಿಟ್ಟುಹೋದ ಲೆಕ್ಕವನ್ನು ನಾವು ನಮ್ಮದೆಂದು ಓದುತ್ತಿದ್ದೇವೆ.

ಇರಲಿ. ನಮ್ಮ ಮುಖ್ಯ ತಕರಾರು ಬೇರೆ. ಅದನ್ನು ಹೇಳಲು ರಾಂಜಣಗಾಂವದವರೆಗೆ ಹೋಗಬೇಕು.

ಪುಣೆಯಿಂದ ಅಹಿಲ್ಯಾನಗರದ ರಸ್ತೆಯಲ್ಲಿ ಐವತ್ತು ಕಿಲೋಮೀಟರು ಹೋದರೆ ಸಿಕ್ಕುವ ಆ ಊರನ್ನು ನಮ್ಮ ಸದಸ್ಯ ಬಾಂಧವರು ಬಲ್ಲರು. ಅಷ್ಟವಿನಾಯಕ ಯಾತ್ರೆಗೆ ಹೊರಟವರು ಮಹಾಗಣಪತಿಗೆ ಕೈಮುಗಿದು, ಪ್ರಸಾದ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಗುಡಿಯಿಂದ ಸ್ವಲ್ಪ ದೂರದಲ್ಲೇ ಔದ್ಯೋಗಿಕ ವಸಾಹತು. ಫ್ರಿಜ್ಜು, ಕಾರು, ಬಿಡಿಭಾಗಗಳ ದೊಡ್ಡ ದೊಡ್ಡ ಕಾರಖಾನೆಗಳು. ಕಲಬುರ್ಗಿ, ಬೀದರ, ವಿಜಯಪುರದ ಕಡೆಯ ಹುಡುಗರು ಗುತ್ತೇದಾರನ ಕೈಕೆಳಗೆ ಪಾಳಿಯ ಕೆಲಸಕ್ಕೆ ಬಂದು, ಒಂದೊಂದು ಖೋಲಿಯಲ್ಲಿ ಐದಾರು ಜನ ಇರುತ್ತಾರೆ. ಹಗಲು ಪಾಳಿಯವ ಎದ್ದ ಹಾಸಿಗೆಯ ಮೇಲೆ ರಾತ್ರಿ ಪಾಳಿಯವ ಮಲಗುತ್ತಾನೆ. ಮನೆಮನೆ ಪಟ್ಟಿ ಹಿಡಿದು ಹೊರಡುವ ಸಮೀಕ್ಷೆಯ ಕಣ್ಣಿಗೆ ಇಂಥ ಖೋಲಿ ಬೀಳುವುದು ಕಷ್ಟ. ಬಿದ್ದರೂ, ಕೋಷ್ಟಕಗಳು ರಾಜ್ಯವಾರು ಇರುವುದರಿಂದ ಆ ಹುಡುಗ ಮಹಾರಾಷ್ಟ್ರದ ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತಾನೆ. ಅವನು ಯಾವ ಭಾಷೆಯವನೆಂಬುದು ಉಳಿಯುವುದಿಲ್ಲ.

ಭಾಷೆಯ ಮಾತು ಇಲ್ಲೇಕೆ ಎಂದು ಕೇಳಬಹುದು. ಮುರಿದ ಕಾಲಿಗೆ ಪ್ಲಾಸ್ಟರು ಹಾಕಲು ಕನ್ನಡ ಬೇಕಿಲ್ಲ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟರ ಪೆಟ್ಟಿಗೆಯಲ್ಲಿ ಗುಳಿಗೆಯೂ ಇಲ್ಲ, ಸೂಜಿಯೂ ಇಲ್ಲ. ಮಾತೇ ಅವರ ಉಪಕರಣ. 'ಜೀವ ತಳಮಳಸತೈತಿ', 'ಎದಿ ಝಲ್ ಅಂತೈತಿ' ಎನ್ನುವ ಹುಡುಗ ಹಿಂದಿಯಲ್ಲಿ ಕೇಳಿದರೆ 'ಟೆನ್ಶನ್ ಹೈ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಈ ವಿದ್ಯೆಯ ಶಿಕ್ಷಣವನ್ನು ಬೆಂಗಳೂರು 1955ರಷ್ಟು ಹಿಂದೆಯೇ ಆರಂಭಿಸಿತ್ತೆಂಬುದನ್ನು ನೆನೆದರೆ ದೀಪದ ಬುಡದ ಕತ್ತಲೆಯ ಗಾದೆ ನೆನಪಾಗುತ್ತದೆ.

ಅಳತೆಯಲ್ಲಿಯೂ ಭಾಷೆ ಹೇಗೆ ಮೋಸ ಮಾಡುತ್ತದೆಂಬುದಕ್ಕೆ ಒಂದು ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಜಗತ್ತಿನಾದ್ಯಂತ ಸಂಶೋಧಕರು ಬಳಸುತ್ತಾರೆ. ಅದರ ಎರಡನೆಯ ಪ್ರಶ್ನೆ: ಕುಡಿಯುವ ದಿನ ಸಾಮಾನ್ಯವಾಗಿ ಎಷ್ಟು ಡ್ರಿಂಕು? ನಮ್ಮ ಹುಡುಗ 'ಒಂದ' ಎನ್ನುತ್ತಾನೆ. ಅವನು ಹೇಳಿದ್ದು ಒಂದು ಕ್ವಾರ್ಟರು. 180 ಮಿಲಿಲೀಟರು, ಶೇಕಡಾ 42.8ರಷ್ಟು ಮದ್ಯಸಾರ. ಹಳೆಯ ಬಿ.ಎಸ್ಸಿ. ಪಾಠ ನೆನೆದು ಗುಣಿಸಿದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಾಯಿತು. ಆ ಪಟ್ಟಿಯ ಒಂದು ಡ್ರಿಂಕೆಂದರೆ 10 ಗ್ರಾಂ. ಅಂದರೆ ಅವನ ಒಂದು ಅವರ ಆರಕ್ಕೆ ಸಮ! 'ಒಂದ' ಎಂದು ಬರೆದುಕೊಂಡರೆ ಆ ಪ್ರಶ್ನೆಗೆ ಸೊನ್ನೆ ಅಂಕ, ಸರಿಯಾಗಿ ಬರೆದುಕೊಂಡರೆ ಎರಡು. ತರಬೇತಿ ಪಡೆದ ಪ್ರಶ್ನಕರ್ತ ಇದನ್ನು ಬಿಡಿಸಿ ಕೇಳುತ್ತಾನೆ, ನಿಜ. ಕೇಳುವಷ್ಟು ಭಾಷೆ ಅವನಲ್ಲಿರಬೇಕು, ಅಷ್ಟೆ.

ಈ ದಿಸೆಯಲ್ಲಿ ನಮಗೆ ಹೆಚ್ಚು ಹಿಡಿಸಿದ ಸಂಶೋಧನೆ ಗೋವೆಯದು. ಅಲ್ಲಿಯ 'ಸಂಗತ್' ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಅಪಾಯದ ಮಟ್ಟಕ್ಕೆ ಕುಡಿಯುತ್ತಿದ್ದ 377 ಗಂಡಸರ ಮೇಲೆ ಒಂದು ಪರೀಕ್ಷೆ ನಡೆಸಿದರು. ಮಾತಾಡಿಸಿದವರು ಡಾಕ್ಟರರಲ್ಲ, ತಜ್ಞರೂ ಅಲ್ಲ. ತರಬೇತಿ ಕೊಟ್ಟ ಸಾಮಾನ್ಯ ಜನ. ಒಬ್ಬೊಬ್ಬರೊಡನೆ ಒಂದರಿಂದ ನಾಲ್ಕು ಬೈಠಕ್ಕು ಮಾತ್ರ. ಮೂರು ತಿಂಗಳ ನಂತರ ನೋಡಿದರೆ ಸಲಹೆ ಪಡೆದವರಲ್ಲಿ ನೂರಕ್ಕೆ 36 ಜನ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಪಡೆಯದವರಲ್ಲಿ 26 ಜನ. ಹದಿನಾಲ್ಕು ದಿನ ಹನಿಯನ್ನೂ ಮುಟ್ಟದಿದ್ದವರು 42 ಮತ್ತು 18. 2017ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ನೆರೆಮನೆಯ ಮನುಷ್ಯನ ಮಾತಿಗೂ ಔಷಧದ ಗುಣವಿದೆಯೆಂದು ಅಂಕಿಯಲ್ಲಿ ತೋರಿಸಿಕೊಟ್ಟದ್ದು ದೊಡ್ಡ ಕೆಲಸ.

ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿದೆ. ಹೊಗಳಿದವರು ಅದನ್ನು ಬೇಗ ದಾಟಿಬಿಡುತ್ತಾರೆ. ಹೆಂಡತಿಯನ್ನು ಹೊಡೆಯುವುದರಲ್ಲಿ, ಕೆಲಸ ತಪ್ಪಿಸುವುದರಲ್ಲಿ ಆ ಮೂರು ತಿಂಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದದ್ದು ಅವರ ಪ್ರಾಮಾಣಿಕತೆ. ಆದರೆ ಗಂಡನ ಅಂಕ ಎಂಟಕ್ಕಿಂತ ಕೆಳಗಿಳಿದು, ಮನೆಯಾಕೆಯ ಮೈಮೇಲಿನ ಬಾಸುಂಡೆ ಹಾಗೇ ಉಳಿದರೆ ಅದನ್ನು ಗುಣವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಯಶಸ್ಸನ್ನು ಅಳೆಯುವ ಕೋಲನ್ನು ಆಕೆಯ ಕೈಗೂ ಒಮ್ಮೆ ಕೊಟ್ಟು ನೋಡಬೇಕಿತ್ತು. ಅಲ್ಲದೆ ಈ ಪ್ರಯೋಗ ಮಧ್ಯಮ ಹಂತದವರಿಗೆ. ಪೂರ್ತಿ ಅಂಟಿಕೊಂಡವರು ತಜ್ಞರ ಬಳಿಗೇ ಹೋಗಬೇಕು. ಅಂಥವರು ಹಟದಿಂದ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ನಡುಕ, ಸನ್ನಿ, ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯ. ದೇವರ ಮೇಲೆ ಆಣೆ ಹಾಕಿಸಿ ಖೋಲಿಯಲ್ಲಿ ಕೂಡಿಹಾಕುವ ಬಂಧುಗಳು ಇದನ್ನು ತಿಳಿದಿರಬೇಕು. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿರಿ' ಎಂದು ವಿದ್ಯುತ್ ಕಂಬಗಳ ಮೇಲೆ ಅಂಟಿಸುವ ಜಾಹೀರಾತುಗಳ ಪುಡಿಯನ್ನಂತೂ ಯಾರೂ ಕೊಳ್ಳಬಾರದು. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅರಿಯದೆ ಕುಡಿದವನ ರಕ್ತದಲ್ಲಿ ಅಸಿಟಾಲ್ಡಿಹೈಡ್ ಸೇರಿ ಹೃದಯಕ್ಕೇ ಕುತ್ತು ಬಂದೀತು.

ಪುಣೆಯಲ್ಲಿ ಚಿಕಿತ್ಸೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. 1986ರಲ್ಲಿ ಡಾ. ಅನಿತಾ ಅವಚಟ ಮತ್ತು ಅನಿಲ ಅವಚಟ ದಂಪತಿಗಳು ಪು. ಲ. ದೇಶಪಾಂಡೆಯವರ ನೆರವಿನಿಂದ ಯೆರವಡೆಯಲ್ಲಿ ಆರಂಭಿಸಿದ ಮುಕ್ತಾಂಗಣ ಇಡೀ ದೇಶಕ್ಕೆ ಮೇಲ್ಪಂಕ್ತಿ. ಮರಾಠಿ ಸಮಾಜ ತನ್ನ ಮಕ್ಕಳಿಗಾಗಿ ತನ್ನ ನುಡಿಯಲ್ಲಿ ಕಟ್ಟಿಕೊಂಡ ಸಂಸ್ಥೆಯದು. ಅದನ್ನು ಕಂಡು ನಮಗೆ ಅಸೂಯೆಯಿಲ್ಲ, ಆಸೆಯಿದೆ. ರಾಂಜಣಗಾಂವದ ಗುತ್ತಿಗೆ ಕೆಲಸಗಾರನಿಗೆ ನಗರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಪಗಾರ ಹೋದಂತೆ. ವ್ಯಸನ ಬಿಡಿಸುವ ಚಿಕಿತ್ಸೆಗೆ ಒಂದು ಸಲ ಹೋದರೆ ಸಾಲದು.

2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾದ ತೊಂದರೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ರೋಗಿಗೆ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ವಿಷಯವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಅದರ 22ನೆಯ ಕಲಮು ಹೇಳುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ. ಕರೆಗೆ ಹಣ ಬೀಳುವುದಿಲ್ಲ. ಖೋಲಿಯ ಗೋಡೆಯ ಮೇಲೆ ಗಣಪತಿಯ ಕ್ಯಾಲೆಂಡರಿನ ಪಕ್ಕ ಈ ಐದು ಅಂಕಿಗಳನ್ನು ಬರೆದಿಡಲು ಅಡ್ಡಿಯಿಲ್ಲ.

ನಮ್ಮ ಸಂಘಕ್ಕೆ ಒಂದು ಸೂಚನೆ. ಪುಣೆಯಲ್ಲಿ ಕನ್ನಡ ಬಲ್ಲ ಸಲಹೆಗಾರರು, ವೈದ್ಯರು ಯಾರು ಯಾರಿದ್ದಾರೆಂಬ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಮಾಡಬಹುದು. ತಿಂಗಳಿಗೊಂದು ವಾರದ ರಜೆಯ ದಿನ ಅವರಲ್ಲೊಬ್ಬರನ್ನು ರಾಂಜಣಗಾಂವಕ್ಕೆ ಕರೆದೊಯ್ಯುವ ಬಸ್ಸಿನ ಖರ್ಚು ನಮ್ಮ ಒಂದು ಸ್ನೇಹ ಸಮ್ಮೇಳನದ ಊಟದ ಖರ್ಚಿಗಿಂತ ಹೆಚ್ಚಾಗಲಾರದು. ಇನ್ನು ಸಂಶೋಧಕರಿಗೆ, ಅರ್ಜಿ ನಮೂನೆಗಳಲ್ಲೇ ಆಯುಷ್ಯ ಕಳೆಯುತ್ತಿರುವ ಗುಮಾಸ್ತನ ವಿನಂತಿಯಿದು: ಮುಂದಿನ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಚಿಕಿತ್ಸೆ ಸಿಕ್ಕಿತೇ ಎಂಬ ಕಾಲಮಿನ ಪಕ್ಕದಲ್ಲಿ, ಯಾವ ಭಾಷೆಯಲ್ಲಿ ಸಿಕ್ಕಿತು ಎಂಬ ಇನ್ನೊಂದು ಕಾಲಮು ಸೇರಿಸಿರಿ. ಕಾಗದದಲ್ಲಿ ಅಷ್ಟು ಜಾಗ ಇದ್ದೇ ಇರುತ್ತದೆ.