ಕಂಡ ಅಕ್ಷರ, ಕಾಣಬೇಕಾದ ಪಾಠ

ಕಣ್ಣಿಗೆ ನಿಲುಕದ ಬರಹವನ್ನು ವಿಶೇಷ ಬೆಳಕಿನಲ್ಲಿ ಚಿತ್ರಿಸಿ ಓದುವ ಕ್ರಮವು ಹಸ್ತಪ್ರತಿಶಾಸ್ತ್ರಕ್ಕೆ ಬಲವಾದ ಸಾಧನವನ್ನು ಒದಗಿಸಿದೆ. ಇನ್ನು ಗ್ರಂಥಸಂಪಾದಕನ ಶ್ರಮವೇ ಅನವಶ್ಯಕವೆಂದು ಭಾವಿಸುವುದು ಮಾತ್ರ ಯುಕ್ತವಲ್ಲ.

ಆರ್ಕಿಮಿಡೀಸನ ಕೃತಿಗಳ 10ನೆಯ ಶತಮಾನದ ಚರ್ಮಪತ್ರದ ಪ್ರತಿಯನ್ನು 13ನೆಯ ಶತಮಾನದಲ್ಲಿ ಕೆರೆದು, ಅದರ ಮೇಲೆ ಪ್ರಾರ್ಥನಾಗ್ರಂಥವನ್ನು ಬರೆದಿದ್ದರು. 1999ರಿಂದ ಬಾಲ್ಟಿಮೋರಿನಲ್ಲಿ ನಡೆದ ಕಾರ್ಯದಿಂದ ಆ ಅಳಿದ ಬರಹ ಮತ್ತೆ ಓದಿಗೆ ದಕ್ಕಿತು. ಅದರಲ್ಲಿ ಭಾಗಿಯಾಗಿದ್ದ ರೋಜರ್ ಈಸ್ಟನ್ ಅವರೇ ಪಿ. ಆರ್. ಮುಕುಂದ ಅವರೊಡನೆ ಮಧ್ವಾಚಾರ್ಯರ 36 ಕೃತಿಗಳ ಸರ್ವಮೂಲದ ಓಲೆಪ್ರತಿಯನ್ನು ಚಿತ್ರಿಸಿದರು. 2006ರಲ್ಲಿ ಈ ಕಾರ್ಯ ಬೆಳಕಿಗೆ ಬಂದಿತು.

ಇದರ ತತ್ತ್ವ ಸರಳವಾದುದು. ಕಂಟದಿಂದ ಕೊರೆದ ಗೆರೆಯಲ್ಲಿ ತುಂಬಿದ ಕಾಡಿಗೆಯು ಇಂಗಾಲವಾದುದರಿಂದ ಅವಕೆಂಪು ಕಿರಣವನ್ನು ಹೀರುತ್ತದೆ. ಕಂದಿದ ಗರಿಯು ಅದನ್ನು ಹಿಂದಿರುಗಿಸುತ್ತದೆ. ಆದಕಾರಣ ಅಕ್ಷರವು ಎದ್ದು ಕಾಣುತ್ತದೆ. ಹುಳು ತಿಂದ ಭಾಗವಾದರೋ ಯಾವ ಬೆಳಕಿಗೂ ದಕ್ಕದು.

ಅಕ್ಷರ ಕಂಡೊಡನೆ ಪಾಠನಿರ್ಣಯವಾಯಿತೇ? ಷಟ್ಖಂಡಾಗಮದ ನಿದರ್ಶನವನ್ನೇ ನೋಡಬಹುದು. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದವು ಮೂಡಬಿದಿರೆಯ ಮೂಲಗರಿಗಳಲ್ಲ, ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು ಬಿಟ್ಟುಹೋಗಿದೆಯೆಂದು ಅವರು ಅರ್ಥಾನುಸಂಧಾನದಿಂದಲೇ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಸಂಯಮಸ್ಥಾನವನ್ನು ಕುರಿತ ಪ್ರಶ್ನೆಯಾದುದರಿಂದ ತೀವ್ರ ವಾದ ನಡೆಯಿತು. ಮುಂದೆ ಮೂಡಬಿದಿರೆಯ ಗರಿಯಲ್ಲಿ ಆ ಪದವೇ ದೊರೆಯಿತು. ಆದರೂ ಅದು ಭಾವಸ್ತ್ರೀಯನ್ನು ಕುರಿತದ್ದೋ ದ್ರವ್ಯಸ್ತ್ರೀಯನ್ನು ಕುರಿತದ್ದೋ ಎಂಬುದನ್ನು ಗರಿ ಹೇಳದು. ಅದಕ್ಕೆ ವೀರಸೇನರ ಟೀಕೆಯನ್ನೇ ಆಶ್ರಯಿಸಬೇಕು. ಮೂಲವಿಲ್ಲದ ಊಹೆ ವಿವಾದಕ್ಕೆ ಎಡೆ. ಶಾಸ್ತ್ರಜ್ಞಾನವಿಲ್ಲದ ಚಿತ್ರ ಬರಿಯ ರೇಖೆ.

ಆದುದರಿಂದ ಚಿತ್ರಗ್ರಾಹಕರು ಎರಡು ನಿಯಮಗಳನ್ನು ಪಾಲಿಸಬೇಕು. ಸಂಸ್ಕರಿಸಿದ ಚಿತ್ರದ ಜೊತೆಗೆ ಸಂಸ್ಕರಿಸದ ಚಿತ್ರವನ್ನೂ ಉಳಿಸಬೇಕು. ಏಕೆಂದರೆ ಗಣಕಯಂತ್ರವು ಗೆರೆಯನ್ನು ಗಾಢಗೊಳಿಸುವಾಗ ಗರಿಯ ನಾರನ್ನೂ ಅಕ್ಷರದಂತೆ ತೋರಿಸಬಲ್ಲದು. ಸಂಪಾದಕನು ಊಹಿಸಿದ ಅಕ್ಷರವನ್ನು ಕಂಡ ಅಕ್ಷರದಿಂದ ಬೇರ್ಪಡಿಸಿ ಗುರುತಿಸಬೇಕು.

ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಕಟ್ಟುಗಳನ್ನು ಅರಸಿ ವಚನಗಳನ್ನು ಉಳಿಸಿದರು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂದಿತು. ಆಗ ಯಾವ ವಿಶೇಷ ಬೆಳಕೂ ಇರಲಿಲ್ಲ, ಶ್ರದ್ಧೆಯಿತ್ತು. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಶ್ರಾವಕರಲ್ಲಿ ಯಾರ ಮನೆಯಲ್ಲಾದರೂ ಓಲೆಕಟ್ಟುಗಳಿದ್ದರೆ, ಅಂಟಿದ ಗರಿಗಳನ್ನು ಬಲವಂತದಿಂದ ಬಿಡಿಸದೆ, ತಾವಾಗಿ ಎಣ್ಣೆ ಸವರದೆ, ಬಲ್ಲವರಿಗೆ ಮೊದಲು ತೋರಿಸುವುದು ಶ್ರೇಯಸ್ಕರ. ಒಡೆದ ಗರಿಯನ್ನು ಕೂಡಿಸುವ ಕಿರಣ ಇನ್ನೂ ಹುಟ್ಟಿಲ್ಲ.