‘ಬೇಡಿ’ ಅನ್ನೋಕೆ ಬೋರ್ಡಿಗೇನು ಸಂಕೋಚ?

ಚಿಕ್ಕಜಾಲದಲ್ಲಿ ಬಳ್ಳಾರಿ ರಸ್ತೆಯ ಪಕ್ಕ ನಡೆದರೆ ಎರಡು ಬಗೆಯ ಕನ್ನಡ ಓದಲು ಸಿಗುತ್ತದೆ. ಮನೆಯವರೇ ಬಣ್ಣದಲ್ಲಿ ಬರೆದದ್ದು: ‘ಗೇಟ್ ಮುಂದೆ ಗಾಡಿ ನಿಲ್ಲಿಸಬೇಡಿ’. ಅಚ್ಚು ಹಾಕಿಸಿ ನೆಟ್ಟದ್ದು: ‘ವಾಹನ ನಿಲುಗಡೆ ನಿಷೇಧಿಸಲಾಗಿದೆ’. ಎರಡೂ ಹೇಳೋದು ಒಂದೇ ಅಂತೀರಾ? ನನಗೆ ಹಾಗನ್ನಿಸೋದಿಲ್ಲ.

ಮೊದಲನೆಯದರಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದಾರೆ. ‘ಬೇಡಿ’ಯ ಕೊನೆಯ ‘ಇ’ ಓದುವವರಿಗೆ ಕೊಟ್ಟ ಮರ್ಯಾದೆ. ಎರಡನೆಯದರಲ್ಲಿ ನಿಷೇಧಿಸಿದವರೂ ಇಲ್ಲ, ಕೇಳಬೇಕಾದವರೂ ಇಲ್ಲ, ಬರೀ ವರದಿ.

ತಡೆಯೋ ಮಾತಿಗೆ ಕನ್ನಡದಲ್ಲೇನೂ ಬರವಿಲ್ಲ. ‘ಮುಟ್ಟಬೇಡ’ ಅನ್ನೋದು ಎದುರಿಗಿರುವವನಿಗೆ. ‘ಮುಟ್ಟಬಾರದು’ ಅಂದರೆ ಎಲ್ಲರಿಗೂ ಸಲ್ಲುವ ರೀತಿ. ‘ಮುಟ್ಟಕೂಡದು’ ಇನ್ನೂ ಬಿಗಿ. ‘ಬಾರದು’, ‘ಕೂಡದು’ ಎರಡೂ ದಿನಾ ಬಳಸುವ ಬರು, ಕೂಡು ಎಂಬ ಕ್ರಿಯಾಪದಗಳಿಂದಲೇ ಬಂದವು. 12ನೇ ಶತಮಾನದಲ್ಲಿ ಬಸವಣ್ಣನವರು ಒಂದಿಡೀ ಬದುಕಿನ ನೀತಿಯನ್ನು ಏಳು ‘ಬೇಡ’ಗಳಲ್ಲಿ ಹೇಳಿದರು. ಶಾಲೆಯ ಮಕ್ಕಳಿಗೂ ಅದು ಬಾಯಿಗೆ ಬರುತ್ತೆ.

ಇಂಗ್ಲಿಷಿನಿಂದ ತರ್ಜುಮೆ ಮಾಡಿದ್ದಕ್ಕೆ ಬೋರ್ಡು ಹೀಗಾಯ್ತು ಅನ್ನೋರಿದ್ದಾರೆ. ಅಷ್ಟೇ ಅಲ್ಲ. ಸ್ಪ್ಯಾನಿಷ್ ನೋಡಿ. ‘ಮಾತಾಡು’ ಅನ್ನೋಕೆ ‘ಆಬ್ಲ’. ‘ಮಾತಾಡಬೇಡ’ ಅನ್ನೋಕೆ ಮುಂದೆ ‘ನೋ’ ಸೇರಿಸಿದರೆ ಸಾಲದು, ಕ್ರಿಯಾಪದವೇ ಬದಲಾಗಿ ‘ನೋ ಆಬ್ಲೆಸ್’ ಆಗಬೇಕು. ಮರ್ಯಾದೆ ಕೊಟ್ಟು ಹೇಳುವಾಗ ‘ನೋ ಆಬ್ಲೆ’. ಅಂದರೆ ಅವರಿಗೂ ಯಾರಿಗೆ ಹೇಳುತ್ತಿದ್ದೇವೆ ಅನ್ನೋದು ಮುಖ್ಯ. ಆದರೆ ಗೋಡೆಯ ಮೇಲೆ ಬರೆಯುವಾಗ ‘ಪ್ರೊಇಬಿದೊ ಫುಮಾರ್’, ಧೂಮಪಾನ ನಿಷಿದ್ಧ. ಬೋರ್ಡು ಹತ್ತಿದ ಕೂಡಲೇ ಅಲ್ಲೂ ‘ನೀನು’, ‘ನೀವು’ ಮಾಯ.

ಕಾನೂನಿಗೆ ಅದರದೇ ಮಾತು ಬೇಕು, ಒಪ್ಪೋಣ. 2008ರ ನಿಯಮದಂತೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಅಪರಾಧ ಅಂತ ಬೋರ್ಡು ಹಾಕಲೇಬೇಕು. ‘ಸೇದಬೇಡಿ’ ಅಂದಷ್ಟಕ್ಕೆ ಅಪರಾಧದ ಮಾತು ಬರೋದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಬೇಲಿ, ಅಗೆದುಬಿಟ್ಟ ಗುಂಡಿ, ಹೆದ್ದಾರಿ ಅಂಚು ಇಂಥ ಕಡೆ ‘ಪ್ರವೇಶ ನಿರ್ಬಂಧಿಸಲಾಗಿದೆ’ ಅನ್ನೋದನ್ನ ಅಕ್ಷರ ಕೂಡಿಸಿ ಓದುವ ಮಗುವೋ, ಈಗಷ್ಟೇ ಕನ್ನಡ ಕಲಿಯುತ್ತಿರುವ ಕೂಲಿಯವರೋ ಬಿಡಿಸಿಕೊಳ್ಳೋಷ್ಟರಲ್ಲಿ ಕಾಲು ಒಳಗಿರುತ್ತೆ. ‘ಒಳಗೆ ಹೋಗಬೇಡಿ, ಕರೆಂಟ್ ಹೊಡೆಯುತ್ತೆ’ ಅಂತ ಬರೆದರೆ ಯಾವ ಇಲಾಖೆಯ ಗೌರವಕ್ಕೂ ಕುಂದಿಲ್ಲ. ಮೊದಲು ‘ಬೇಡಿ’, ಆಮೇಲೆ ಕಾರಣ, ದಂಡ ಎಷ್ಟು ಅನ್ನೋದು ಕೊನೇ ಸಾಲಿಗೆ. ಬೋರ್ಡು ಬರೆಸುವವರು ಇಷ್ಟು ಮಾಡಲಿ.